ಕೊಸರಕ್ಕನ ಟಂಗ್‌ಸ್ಟನ್ ವ್ಯಾಪಾರ

ಸರ್ಕಾರದ ಖರೀದಿ ಇಲಾಖೆಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ಕೊಸರಕ್ಕ ಎಂದೇ. ಕಚೇರಿಗೆ ಗುಂಡುಸೂಜಿ ಕೊಂಡರೂ ಮೇಲೊಂದು ಹಿಡಿ ಪುಕ್ಕಟೆ ಕೊಸರು ಹಾಕಿಸಿಕೊಳ್ಳದೆ ಅಂಗಡಿಯಿಂದ ಕದಲಿದವಳಲ್ಲ. ಅಂಥವಳ ತಲೆಗೇ ಈ ಕೆಲಸ ಬಂದು ಬಿತ್ತು.

"ನೋಡಮ್ಮ," ಎಂದರು ನಿರ್ದೇಶಕರು, "ಪಕ್ಕದ ಪುಟ್ಟ ದೇಶದ ಗಣಿ ಮಂತ್ರಿ ಬರ್ತಿದಾರೆ. ಅವರ ಟಂಗ್‌ಸ್ಟನ್ ನಮ್ಮ ಗೋದಾಮಲ್ಲಿ ಆಗಲೇ ರಾಶಿ ಬಿದ್ದಿದೆ. ಆದ್ರೂ ಕೊಳ್ಳಬೇಕು. ನಾವು ಬಿಟ್ರೆ ಆಚೆಯ ದೊಡ್ಡ ದೇಶ ಎತ್ಕೊಂಡು ಹೋಗತ್ತೆ, ಲೋಹದ ಜೊತೆ ಅವರ ಸ್ನೇಹಾನೂ ಹೋಗತ್ತೆ. ಕೇಳಿದ ರೇಟಿಗೆ ಹೂಂ ಅನ್ನಿ. ಚೌಕಾಸಿಗೆ ಇಳಿದ್ರೋ, ನಾಳೆಯಿಂದ ಗಡಿ ಗೋದಾಮಲ್ಲಿ ಪೀಪಾಯಿ ಕಾಯ್ತೀರಿ!"

ಗಡಿಗೆ ಹೋಗುವುದೆಂದರೆ ಗಂಡನನ್ನೂ ಪುಟ್ಟ ಮಗಳನ್ನೂ ಬಿಟ್ಟು ಹೋಗಬೇಕು. ಕೊಸರಕ್ಕನಿಗೆ ನಿಜಕ್ಕೂ ಹೆದರಿಕೆಯಾಯಿತು. ಬಾಯಿಗೆ ಬೀಗ ಹಾಕಿಕೊಂಡೇ ಸಭೆಗೆ ಹೋಗಿ ಕೂತಳು.

ಪೊದೆ ಮೀಸೆಯ ಮಂತ್ರಿ ಮಾದರಿಗೆಂದು ತಂದಿದ್ದ ಬೂದು ಬಣ್ಣದ ಲೋಹದ ತುಂಡನ್ನು ಮೇಜಿನ ಮೇಲಿಟ್ಟು ಬೆಲೆ ಹೇಳಿದರು. ಅಬ್ಬಾ, ಎಂಥ ಬೆಲೆ! ಕೊಸರಕ್ಕ ತುಟಿ ಕಚ್ಚಿಕೊಂಡಳು.

"ಆಗ್ಲಿ, ಅದಕ್ಕೇನಂತೆ!" ಎಂದು ನಿರ್ದೇಶಕರು ಹಲ್ಲು ಕಿರಿದರು.

ಮಂತ್ರಿಯ ಮುಖ ಯಾಕೋ ಸಪ್ಪಗಾಯಿತು. ಪೆನ್ನಿನ ಮುಚ್ಚಳ ಹಾಕಿಬಿಟ್ಟರು.

ಅಷ್ಟರಲ್ಲಿ ಕೊಸರಕ್ಕನ ಕೈ ತುಂಡನ್ನು ಎತ್ತಿ ತೂಗಿ ನೋಡಿಯಾಗಿತ್ತು. "ಏನ್ರೀ ಇದು, ಹಗಲು ದರೋಡೆ!" ಎಂದವಳೇ ಬ್ಯಾಗು ಹೆಗಲಿಗೇರಿಸಿ ಎದ್ದಳು. ಹುಟ್ಟಿನಿಂದ ಬಂದ ಚಾಳಿ, ಬಿಡು ಎಂದರೆ ಬಿಡುತ್ತದೆಯೇ? ಬಾಗಿಲ ಹತ್ತಿರ ಬಂದ ಮೇಲೆಯೇ ತಾನೇನು ಮಾಡಿದೆನೆಂಬುದು ಹೊಳೆದದ್ದು. ಗಡಿ ಗೋದಾಮಿನ ಪೀಪಾಯಿಗಳು ಕಣ್ಣಮುಂದೆ ಸಾಲಾಗಿ ಬಂದು ನಿಂತವು. ಹಿಂದೆ ನಿರ್ದೇಶಕರು ಕೆಮ್ಮುತ್ತಿದ್ದರು.

"ಬನ್ನಿ ಅಕ್ಕ, ಬನ್ನಿ! ಎಷ್ಟಕ್ಕೆ ಕೇಳ್ತೀರಿ, ಬಾಯಿ ಬಿಟ್ಟು ಹೇಳಿ!"

ಕೂಗಿದವರು ಮಂತ್ರಿ. ಮುಖದಲ್ಲಿ ಹಬ್ಬದ ಕಳೆ.

ಆಮೇಲೆ ಶುರುವಾಯಿತು ನೋಡಿ. ಅವರು ಮಕ್ಕಳ ಮೇಲೆ ಆಣೆ ಇಟ್ಟರು, ಇವಳು ಹಣೆ ಹಣೆ ಚಚ್ಚಿಕೊಂಡಳು. ಚಹಾ ಬಂತು, ಆರಿತು, ಮತ್ತೆ ಬಂತು. ಕೊನೆಗೆ ಬೆಲೆ ಕುದುರಿತು. ಮಂತ್ರಿ ಹತ್ತು ವರ್ಷದ ಒಪ್ಪಂದಕ್ಕೇ ಸಹಿ ಹಾಕಿದರು.

"ಮೊನ್ನೆ ಆ ದೊಡ್ಡ ದೇಶದವರೂ ಬಂದಿದ್ರು," ಎಂದರು ನಿರ್ದೇಶಕರ ಕಡೆ ತಿರುಗಿ. "ಹೇಳಿದ ರೇಟಿಗೆ ಹೂಂ ಅಂತ ತಲೆ ಆಡಿಸಿದ್ರು. ನೀವೂ ಹಾಗೇ ಆಡಿಸಿದಾಗ ನನ್ನೆದೆ ಧಸಕ್ ಅಂತು. ಚೌಕಾಸಿ ಮಾಡದವರು ಲೋಹ ಕೊಳ್ಳೋಕೆ ಬಂದಿರಲ್ಲ ಸ್ವಾಮಿ, ನಮ್ಮನ್ನೇ ಕೊಳ್ಳೋಕೆ ಬಂದಿರ್ತಾರೆ. ಈ ಅಕ್ಕ ನಮ್ಮನ್ನ ವ್ಯಾಪಾರಸ್ಥರು ಅಂತ ಲೆಕ್ಕಕ್ಕಿಟ್ರು ನೋಡಿ."

ನಿರ್ದೇಶಕರು ಬೆವರು ಒರೆಸಿಕೊಂಡರು. ಗಡಿಯ ಮಾತು ಎತ್ತಲಿಲ್ಲ. ಕೊಸರಕ್ಕನ ಕಣ್ಣು ತುಂಬಿ ಬಂತು, ಸಂಜೆ ಮಗಳಿಗೆ ತಲೆ ಬಾಚಬಹುದು. ಆದರೂ ಅವಳು ಎದ್ದೇಳಲಿಲ್ಲ.

"ಇನ್ನೇನಮ್ಮ?" ಎಂದರು ನಿರ್ದೇಶಕರು.

ಅವಳು ಮಂತ್ರಿಯ ಮುಂದೆ ಅಂಗೈ ಚಾಚಿದಳು. "ಕೊಸರು?"

ಮಂತ್ರಿ ಗಹಗಹಿಸಿ ನಗುತ್ತಾ ಮೇಜಿನ ಮೇಲಿದ್ದ ತುಂಡನ್ನು ಅವಳ ಕೈಗೆ ಹಾಕಿದರು.