ಅವಸರವಿಲ್ಲದ ದನಿ

ನಮ್ಮ ಕೂಟಕ್ಕೆ ಇರುವುದು ಒಂದೇ ಕಟ್ಟಳೆ. ಆಲ್ಬಮ್ಮು ಶುರುವಾದ ಮೇಲೆ ಮುಗಿಯುವ ತನಕ ಯಾರೂ ಬಾಯಿ ಬಿಡಕೂಡದು. ನಡುವೆ ರೆಕಾರ್ಡಿನ ತಟ್ಟೆ ಮಗುಚುವಾಗ ಕೆಮ್ಮಬಹುದು, ಟೀ ಕುಡಿಯಬಹುದು, ಅಷ್ಟೇ. ಒಂದು ಹಾಡು ಹಿಡಿಸಲಿಲ್ಲವೆಂದು ಮುಂದಿನದಕ್ಕೆ ಹಾರುವವರನ್ನು ನಾನು ಒಳಗೇ ಬಿಟ್ಟುಕೊಳ್ಳುವುದಿಲ್ಲ. ಜಾಗ ನನ್ನದು, ಹಳೆಯ ಸೋಫಾ ಕುರ್ಚಿಗಳಿಗೆ ಹೊಸ ಬಟ್ಟೆ ಹೊದಿಸಿಕೊಡುವ ನನ್ನ ಅಂಗಡಿಯ ಹಿಂದಿನ ಕೋಣೆ. ಹಾಗಾಗಿ ಮಾತೂ ನನ್ನದೇ ನಡೆಯುತ್ತದೆ. ಶನಿವಾರ ಮಧ್ಯಾಹ್ನ ಮೂರಕ್ಕೆ ಶಟರು ಅರ್ಧ ಇಳಿಸಿ, ರಿಪೇರಿಗೆ ಬಂದ ಕುರ್ಚಿಗಳ ಮೇಲೇ ಎಂಟು ಜನ ಕೂರುತ್ತೇವೆ. ಗಿರಾಕಿಗಳಿಗೆ ಇದು ಗೊತ್ತಿಲ್ಲ, ಗೊತ್ತಾಗುವುದೂ ಬೇಡ.

ನಾವು ಕೇಳುವುದು ಜಾನಪದ, ಅಮೆರಿಕದಿಂದ ಬಂದ ಬ್ಲೂಸ್, ಕಂಟ್ರಿ ಧಾಟಿ. ತಾವೇ ಬರೆದು ತಾವೇ ಹಾಡಿದವರ ಹಾಡುಗಳು. ನನ್ನ ಭಾವ, ಅಂದರೆ ಅಕ್ಕನ ಗಂಡ, ಜಾನಪದದ ಪಕ್ಷ. ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದ ಮೇಲೆ ಹಳೇ ಸಾಮಾನಿನ ಅಂಗಡಿಗಳಲ್ಲಿ ರೆಕಾರ್ಡು ಹುಡುಕುವುದೇ ಅವರಿಗೆ ಕಸುಬು. ಎಲ್ಲಕ್ಕೂ ತಮ್ಮದೊಂದು ವಿವರಣೆ ಇಟ್ಟುಕೊಂಡಿರುವುದರಿಂದ ‘ಪಂಡಿತರು’ ಎಂದು ಹೆಸರು ಬಿದ್ದಿದೆ. ಎದುರು ಸಾಲಿನ ಕಟ್ಟಡದಲ್ಲಿರುವ ಹಲ್ಲಿನ ಡಾಕ್ಟರಿಗೆ ಬ್ಲೂಸೇ ಆಗಬೇಕು. ಅದರಲ್ಲಿ ಒಂದೇ ಸಾಲನ್ನು ಎರಡು ಸಲ ಹಾಡಿ ಮೂರನೆಯದರಲ್ಲಿ ವಿಷಯಕ್ಕೆ ಬರುತ್ತಾರಲ್ಲ, ತಮ್ಮ ರೋಗಿಗಳೂ ನೋವನ್ನು ಹಾಗೆಯೇ ಹೇಳುವುದು ಎನ್ನುತ್ತಾರೆ. ನನಗೆ ಕಂಟ್ರಿ. ಅದರಲ್ಲಿ ಮನೆಯ ಸಾಮಾನು ಇರುತ್ತದೆ: ಮೇಜು, ಬೀಗದ ಕೈ, ಒಗೆದು ಮಡಚಿಟ್ಟ ಶರಟು. ದುಃಖ ದುಃಖ ಎಂದು ಎದೆ ಬಡಿದುಕೊಳ್ಳದೆ, ಶರಟು ತೋರಿಸಿ ಸುಮ್ಮನಾಗುವವರೇ ನನ್ನ ಮಟ್ಟಿಗೆ ದೊಡ್ಡ ಕವಿಗಳು.

ಹೋದ ವರ್ಷ ಭಾವ ಒಂದು ರೆಕಾರ್ಡು ತಂದರು. ಹೊದಿಕೆಯ ಮೇಲೆ ಗಿಟಾರು ಹೆಗಲಿಗೇರಿಸಿ ನಮಗೆ ಬೆನ್ನು ಮಾಡಿ ನಡೆದುಹೋಗುವ ಒಬ್ಬ ಹೆಂಗಸು. ಆ ಹೆಸರನ್ನು ನಮ್ಮಲ್ಲಿ ಯಾರೂ ಕೇಳಿರಲಿಲ್ಲ. ದೊಡ್ಡ ತಟ್ಟೆ, ಆರೇ ಹಾಡು. ಒಂದು ಮಗ್ಗುಲಿನ ನಡುವಿನ ಲೇಬಲ್ಲಿನ ಮೇಲೆ ಅಂಗಡಿಯವನು ಬೆಲೆಚೀಟಿಯೊಂದನ್ನು ಮೆತ್ತಿದ್ದ, ಇನ್ನೊಂದರಲ್ಲಿ ಹಾಡುಗಳ ಹೆಸರಷ್ಟೇ ಇತ್ತು. ಹಾಕಿದೆವು. ಕೆಳದನಿಯ, ವಯಸ್ಸಾದ, ಒಂದಿಷ್ಟೂ ಅವಸರವಿಲ್ಲದ ದನಿ. ಒಂದು ಪದ ಆದ ಮೇಲೆ ಇನ್ನೊಂದು ಬರುವಷ್ಟರಲ್ಲಿ ನಾವು ನಮ್ಮ ನಮ್ಮ ಮನೆಗೆ ಹೋಗಿ ಬರಬಹುದಿತ್ತು. ಮೂರನೆಯ ಹಾಡಿನಲ್ಲಿ ಒಬ್ಬಳು ಇನ್ನೂ ಕೈಗೆ ಸಿಗದ ಬಾಡಿಗೆ ಕೋಣೆಯೊಂದಕ್ಕೆ ಮೊದಲೇ ಪರದೆ ಹೊಲಿದಿಟ್ಟುಕೊಂಡು ಕಾಯುತ್ತಾಳೆ. ಕಿಟಕಿಯ ಅಳತೆ ಗೊತ್ತಿಲ್ಲ, ಇರಲಿ, ಬಟ್ಟೆ ಸ್ವಲ್ಪ ಉದ್ದವೇ ಬಿಟ್ಟಿದ್ದೇನೆ ಎನ್ನುತ್ತಾಳೆ. ದಿನವೂ ಬಟ್ಟೆ ಕತ್ತರಿಸುವವಳು ನಾನು. ಅಳತೆಯಿಲ್ಲದೆ ಹೊಲಿದ ಆ ಪರದೆ ನನ್ನ ತಲೆಯಿಂದ ಇಳಿಯಲೇ ಇಲ್ಲ. ಅವತ್ತು ಸಂಜೆಯವರೆಗೆ ಪಂಡಿತರೂ ವಿವರಣೆ ಕೊಡಲಿಲ್ಲ ಎಂದರೆ ನೀವೇ ಲೆಕ್ಕ ಹಾಕಿ.

ತಿಂಗಳಿಗೊಮ್ಮೆಯಾದರೂ ಅದನ್ನೇ ಕೇಳುವುದು ರೂಢಿಯಾಯಿತು. ಕೊನೆಗೆ ತಡೆಯಲಾರದೆ ನಾನು ಎರಡು ಪುಟದ ಕಾಗದ ಬರೆದು, ಹೊದಿಕೆಯ ಮೇಲಿದ್ದ ಕಂಪನಿಯ ವಿಳಾಸಕ್ಕೆ ಹಾಕಿದೆ. ನಿಮಗೆ ಅವಸರವಿಲ್ಲ, ಯಾರನ್ನೂ ಓಡಿಸುವುದಿಲ್ಲ, ನಿಮ್ಮ ದನಿಯಲ್ಲಿ ಕೂರಲು ಜಾಗವಿದೆ ಎಂದು ಬರೆದಿದ್ದೆ. ಉತ್ತರ ಬರುತ್ತದೆಂಬ ಆಸೆಯೇನೂ ಇರಲಿಲ್ಲ. ಐದು ತಿಂಗಳಾದ ಮೇಲೆ ಬಂತು. ಕಂಪನಿ ಎಂದೋ ಮುಚ್ಚಿತ್ತಂತೆ, ಕಾಗದ ಕೈಯಿಂದ ಕೈಗೆ ದಾಟಿ ತಲುಪಿತಂತೆ. ತನಗೀಗ ಅರವತ್ತೆಂಟು, ಜನರೆದುರು ಹಾಡಿ ಒಂಬತ್ತು ವರ್ಷವಾಯಿತು, ದನಿ ಕುಸಿದಿದೆ, ಬೆರಳು ನಿಧಾನವಾಗಿದೆ, ಇದು ಯಾರಿಗೆ ಬೇಕೆಂದು ಗಿಟಾರನ್ನು ಅಟ್ಟಕ್ಕೆ ಹಾಕಿದ್ದೆ ಎಂದು ಬರೆದಿದ್ದರು. ಅವಸರವಿಲ್ಲ ಎಂಬುದನ್ನು ಹೊಗಳಿಕೆಯಾಗಿ ಹೇಳಿದವರು ನೀವೊಬ್ಬರೇ. ಕರೆದರೆ ಬರುತ್ತೇನೆ, ಹಾಡಿಯೂ ನೋಡುತ್ತೇನೆ ಎಂದಿದ್ದರು. ಕಾಗದವನ್ನು ಕೂಟದಲ್ಲಿ ಎಲ್ಲರಿಗೂ ಓದಿ ಹೇಳಿದೆ. ಕರೆದೆವು.

ಅವರು ಬರಬೇಕಾದ ಶನಿವಾರ ಬೆಳಿಗ್ಗೆ ಭಾವ ರೆಕಾರ್ಡನ್ನು ಒರೆಸಲು ಕೂತರು. ಅತಿಥಿ ಬಂದಾಗ ಮೊದಲು ಅವರ ಆಲ್ಬಮ್ಮನ್ನೇ ಹಾಕುವುದೆಂದು ಮಾತಾಗಿತ್ತು. ಅಂದವಾಗಿ ಕಾಣಲಿ ಎಂದು ಆ ದರಿದ್ರ ಬೆಲೆಚೀಟಿಯನ್ನು ಸ್ಪಿರಿಟ್ಟು ಹಚ್ಚಿ ಬಿಡಿಸಿದರು. ಕೆಳಗೆ ಒಂದು ಅಂಕಿ ಇತ್ತು: ನಲವತ್ತೈದು.

ತಿಳಿಯದವರಿಗೆ ಹೇಳುತ್ತೇನೆ. ನಮ್ಮ ಯಂತ್ರದಲ್ಲಿ ಎರಡು ವೇಗವಿದೆ. ನಿಮಿಷಕ್ಕೆ ಮೂವತ್ತಮೂರು ಸುತ್ತು, ಇಲ್ಲವೇ ನಲವತ್ತೈದು. ದೊಡ್ಡ ತಟ್ಟೆಗೆ ಮೂವತ್ತಮೂರು, ಚಿಕ್ಕದಕ್ಕೆ ನಲವತ್ತೈದು ಎಂಬುದು ನಮ್ಮ ಲೆಕ್ಕ. ದೊಡ್ಡದಾಗಿದ್ದೂ ನಲವತ್ತೈದರಲ್ಲಿ ಸುತ್ತಬೇಕಾದ ತಟ್ಟೆಗಳು ಅಪರೂಪಕ್ಕೆ ಇರುತ್ತವೆ ಎಂದು ನಮ್ಮ ಪಂಡಿತರಿಗೆ ಗೊತ್ತಿತ್ತಂತೆ. ಗೊತ್ತಿದ್ದು ಏನು ಬಂತು? ಒಂದು ವರ್ಷ ಪೂರ್ತಿ ನಾವು ಅದನ್ನು ಎಳೆದೆಳೆದು ಕೇಳಿದ್ದೆವು.

ಭಾವ ಗುಂಡಿ ತಿರುಗಿಸಿ ಮೂರನೆಯ ಹಾಡಿನ ಮೇಲೆ ಮುಳ್ಳು ಇಳಿಸಿದರು. ಪಿಟೀಲು ಕುಣಿಯತೊಡಗಿತು. ಅದರ ಹಿಂದೆಯೇ ಇಪ್ಪತ್ತರ ಆಸುಪಾಸಿನ ಹುಡುಗಿಯೊಬ್ಬಳು ಚುರುಕಾಗಿ, ನಗುನಗುತ್ತಾ, ಅದೇ ಪರದೆಯ ಹಾಡನ್ನು ಹಾಡಿ ಎರಡು ನಿಮಿಷದಲ್ಲಿ ಮುಗಿಸಿದಳು. ನೆಲ ಒರೆಸುತ್ತಿದ್ದ ಅಕ್ಕ ತಲೆಯೆತ್ತಿ, ಯಾರಿವಳು, ನಿಮ್ಮ ರೆಕಾರ್ಡಿನ ಅಜ್ಜಿಯ ಮೊಮ್ಮಗಳೇ ಎಂದು ಕೇಳಿದಳು. ಭಾವ ಬಿದ್ದು ಬಿದ್ದು ನಕ್ಕರು. ನನಗೆ ಅಳು ಬಂತು. ಹಾಡು ಕೆಟ್ಟದೆಂದಲ್ಲ, ಸೊಗಸಾಗಿಯೇ ಇತ್ತು. ಆದರೆ ನಾನು ಕಾಗದ ಬರೆದದ್ದು ಇವಳಿಗಲ್ಲ. ಆ ಕಾಗದವನ್ನು ನಂಬಿ ಅಟ್ಟದಿಂದ ಗಿಟಾರು ಇಳಿಸಿದವರೊಬ್ಬರು ಆಗಲೇ ರೈಲಿನಲ್ಲಿ ಕೂತಿದ್ದರು.

ಯಂತ್ರ ಕೆಟ್ಟಿದೆ ಎಂದುಬಿಡೋಣ, ನೇರವಾಗಿ ಅವರ ಕೈಯಲ್ಲೇ ಹಾಡಿಸೋಣ ಎಂದು ಭಾವ ದಾರಿ ತೋರಿಸಿದರು. ಸುಳ್ಳೇಕೆ ಹೇಳಲಿ, ಹತ್ತು ನಿಮಿಷ ನಾನೂ ಒಪ್ಪಿಕೊಂಡಿದ್ದೆ. ಒಪ್ಪದವಳು ಅಕ್ಕ. ಒದ್ದೆ ಬಟ್ಟೆಯನ್ನು ಬಕೆಟ್ಟಿಗೆ ಹಾಕಿ ನೆಟ್ಟಗೆ ನಿಂತಳು.

“ಇವತ್ತು ಮುಚ್ಚಿಡ್ತೀಯ, ಸರಿ. ನಾಳೆ ಅವರಿಗೇ ಗೊತ್ತಾದ್ರೆ? ಆಮೇಲೆ ಯಾರು ಒಳ್ಳೇ ಮಾತು ಹೇಳಿದ್ರೂ ಅವರು ನಂಬಲ್ಲ ಕಣೇ.”

ಅಕ್ಕ ಕೂಟದ ಸದಸ್ಯೆಯಲ್ಲ, ಬ್ಲೂಸ್ ಕೇಳಿದರೆ ತಲೆನೋವು ಬರುತ್ತದೆ ಎನ್ನುವವಳು. ಆದರೂ ಅವಳು ಹೇಳಿದ್ದೇ ಸರಿ ಎಂದು ನನಗೆ ಗೊತ್ತಿತ್ತು, ಅದಕ್ಕೇ ಅವಳ ಮೇಲೆ ಸಿಟ್ಟೂ ಬಂತು.

ಮೂರಕ್ಕೆ ಐದು ನಿಮಿಷವಿರುವಾಗ ಅವರು ಬಂದರು. ಪುಟ್ಟ ಜೀವ, ದೊಡ್ಡ ಗಿಟಾರು ಪೆಟ್ಟಿಗೆ. ರೈಲಿನ ಗಾಳಿಗೆ ಗಂಟಲು ಹಿಡಿದಿತ್ತು, ಪಿಸುಮಾತಿನಲ್ಲೇ ಎಲ್ಲರನ್ನೂ ಮಾತಾಡಿಸಿದರು. ಒಳ್ಳೆಯ ಕುರ್ಚಿ ಕೊಟ್ಟೆ, ಟೀ ಕೊಟ್ಟೆ, ಅವರು ಕುಡಿದು ಮುಗಿಸುವುದನ್ನೇ ಕಾದೆ. ಆಮೇಲೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಬೆಲೆಚೀಟಿ, ವೇಗ, ಒಂದು ವರ್ಷ, ಎಲ್ಲ. ಹಲ್ಲಿನ ಡಾಕ್ಟರು ತಮ್ಮ ಬೂಟಿನ ಲಾಡಿಯನ್ನು ನೋಡುತ್ತಾ ಕೂತಿದ್ದರು.

ಅತಿಥಿ ಸಿಟ್ಟಾಗಲಿಲ್ಲ, ಸಿಟ್ಟಾಗಿದ್ದರೆ ತಡೆದುಕೊಳ್ಳಬಹುದಿತ್ತು. ಚೀಲದಿಂದ ನನ್ನ ಕಾಗದವನ್ನು ಹೊರತೆಗೆದರು. ಮಡಿಕೆಗಳು ಸವೆದು ಹೋಗುವಷ್ಟು ಸಲ ಬಿಚ್ಚಿ ಓದಿದ್ದರು. ಅದನ್ನು ನನ್ನ ಬಟ್ಟೆ ಕತ್ತರಿಸುವ ಮೇಜಿನ ಮೇಲಿಟ್ಟರು.

“ಹಾಗಾದ್ರೆ ಇದು ನಂಗೆ ಬರ್ದಿದ್ದಲ್ಲ. ಆ ಹುಡುಗೀಗೂ ಅಲ್ಲ. ನೀವು ಮಷೀನಿಗೆ ಬರ್ದಿದ್ದೀರಿ.”

ವಾಪಸು ಹೋಗುವ ರೈಲು ಎಷ್ಟು ಹೊತ್ತಿಗೆ ಎಂದು ಅವರು ಭಾವನನ್ನು ಕೇಳಿದರು. ಆರೂವರೆಗೆ ಎಂದರು ಭಾವ. ಅಲ್ಲಿಯವರೆಗೆ ಇನ್ನೇನು ಮಾಡುವುದು, ನೀವು ಕೇಳಿದ್ದು ಯಾವುದೆಂದು ನಾನೂ ಕೇಳುತ್ತೇನೆ, ನಿಮ್ಮ ವೇಗದಲ್ಲೇ ಹಾಕಿ ಎಂದರು. ಭಾವ ಗುಂಡಿಯನ್ನು ಮೂವತ್ತಮೂರಕ್ಕೆ ತಂದರು. ಎಲ್ಲರೂ ಬಾಯಿಗೆ ಬೀಗ ಹಾಕಿಕೊಂಡೆವು.

ಮೊದಲ ಹಾಡಿಗೆ ಅವರು ನಕ್ಕುಬಿಟ್ಟರು. ಪಿಟೀಲಿನವನು ಇದನ್ನು ಕೇಳಿದ್ದರೆ ನಾಚಿ ಸಾಯುತ್ತಿದ್ದ ಎಂದು ತಮಗೇ ಹೇಳಿಕೊಂಡರು. ಎರಡನೆಯದಕ್ಕೆ ನಗು ನಿಂತಿತು. ಮೂರನೆಯದು ಪರದೆಯ ಹಾಡು. ಎರಡು ಸಾಲು ಆಗುವಷ್ಟರಲ್ಲಿ ಅವರ ತುಟಿ ಅಲುಗಾಡತೊಡಗಿತು. ನಾಲ್ಕನೆಯ ಸಾಲಿಗೆ ದನಿ ಹೊರಬಂತು.

ಅದೇ ದನಿ.

ನಾನು ಉತ್ಪ್ರೇಕ್ಷೆ ಮಾಡುವವಳಲ್ಲ. ಅದೇ ಕೆಳಸ್ವರ, ಅದೇ ನಡಿಗೆ, ಪದಕ್ಕೂ ಪದಕ್ಕೂ ನಡುವೆ ಅದೇ ಬಿಡುವು. ತಟ್ಟೆಯಿಂದ ಬರುವುದು ಯಾವುದು, ಕುರ್ಚಿಯಿಂದ ಬರುವುದು ಯಾವುದು ಎಂದು ಬೇರೆ ಮಾಡಲಾಗಲಿಲ್ಲ. ನಮ್ಮ ತಪ್ಪು ಒಂದೇ ದಿನದಲ್ಲಿ ಮಾಡಿದ್ದನ್ನು ಅವರ ಮೈ ನಲವತ್ತು ಚಿಲ್ಲರೆ ವರ್ಷ ತೆಗೆದುಕೊಂಡು ಮಾಡಿತ್ತು. ಅವರಿಗೂ ಅದು ಗೊತ್ತಾಯಿತು, ಮುಖದಲ್ಲಿ ಕಾಣುತ್ತಿತ್ತು. ಹಾಡು ನಿಲ್ಲಿಸದೆಯೇ ಪೆಟ್ಟಿಗೆ ತೆರೆದು ಗಿಟಾರು ತೊಡೆಯ ಮೇಲಿಟ್ಟುಕೊಂಡರು. ಬೆರಳು ನಿಧಾನವಾಗಿತ್ತು ನಿಜ. ಆ ಹಾಡಿಗೆ ಬೇಕಾದಷ್ಟೇ ನಿಧಾನ.

ಆಗ ಭಾವ ಈ ಕೂಟದಲ್ಲಿ ಯಾರೂ ಮಾಡದ ಕೆಲಸ ಮಾಡಿದರು. ಆಲ್ಬಮ್ಮು ನಡುವಿರುವಾಗಲೇ ಎದ್ದುಹೋಗಿ ಮುಳ್ಳು ಎತ್ತಿಬಿಟ್ಟರು. ಬೇರೆ ದಿನವಾಗಿದ್ದರೆ ನಾನು ಅವರನ್ನು ಶಟರಿನಾಚೆಗೆ ಅಟ್ಟುತ್ತಿದ್ದೆ. ಕುರ್ಚಿಯಲ್ಲಿದ್ದವರು ನಿಲ್ಲಿಸಲಿಲ್ಲ, ಒಬ್ಬರೇ ಮುಂದುವರಿಸಿದರು. ಕಿಟಕಿಯ ಅಳತೆ ಗೊತ್ತಿಲ್ಲ, ಇರಲಿ ಎಂಬ ಸಾಲಿಗೆ ನಾನು ಎಲ್ಲರೆದುರೇ ಅತ್ತೆ, ಸೆರಗಿನಲ್ಲಿ ಮೂಗು ಒರೆಸಿಕೊಂಡೆ, ನಾಚಿಕೆಯೇನೂ ಆಗಲಿಲ್ಲ. ಬಾಗಿಲಲ್ಲಿ ಬಕೆಟ್ಟು ಹಿಡಿದು ನಿಂತಿದ್ದ ಅಕ್ಕನಿಗೆ ಅವತ್ತು ತಲೆನೋವು ಬಂದಂತೆ ಕಾಣಲಿಲ್ಲ.

ಹಾಡು ಮುಗಿದ ಮೇಲೆ ಅವರು ತಂತಿಗಳ ಮೇಲೆ ಅಂಗೈ ಇಟ್ಟರು.

“ಇದನ್ನ ಬರೆದಾಗ ನಂಗೆ ಇಪ್ಪತ್ನಾಲ್ಕು. ಕಾಯೋದು ಅಂದ್ರೆ ಏನಂತ ಗೊತ್ತಿರ್ಲಿಲ್ಲ, ಓಡಿಸ್ಕೊಂಡು ಹಾಡ್ದೆ. ಈಗ ಸರಿಯಾಗಿ ಬಂತು ನೋಡಿ.”

ಆಮೇಲೆ ಆರೂ ಹಾಡುಗಳನ್ನು ಹಾಡಿದರು. ಹಲ್ಲಿನ ಡಾಕ್ಟರು ಕೇಳಿಕೊಂಡದ್ದಕ್ಕೆ ಒಂದು ಬ್ಲೂಸೂ ಆಯಿತು, ಡಾಕ್ಟರು ಮೂರನೆಯ ಸಾಲಿಗೆ ಮೊದಲೇ ತಲೆದೂಗಿ ಎಲ್ಲರನ್ನೂ ನಗಿಸಿದರು. ಪಂಡಿತರು ಬಾಯಿ ತೆರೆದು ವಿವರಣೆ ಶುರು ಮಾಡಿದರು, ಅಕ್ಕ ನೋಡಿದ ನೋಟಕ್ಕೆ ಮುಚ್ಚಿಕೊಂಡರು. ಆರೂವರೆಯ ರೈಲು ಯಾರಿಗೂ ನೆನಪಾಗಲಿಲ್ಲ.

ಎಂಟರ ರೈಲಿಗೆ ಹೊರಟಾಗ ಗಿಟಾರನ್ನು ಪೆಟ್ಟಿಗೆಯಲ್ಲಿ ಮಲಗಿಸಿದರು, ಮುಚ್ಚಳ ಮಾತ್ರ ಹಾಕಲಿಲ್ಲ. ಮೇಜಿನ ಬಳಿಗೆ ಬಂದು, ಕತ್ತರಿಯ ಪಕ್ಕದಲ್ಲಿದ್ದ ನನ್ನ ಕಾಗದವನ್ನು ಹಳೆಯ ಮಡಿಕೆಗಳಲ್ಲೇ ಮಡಚಿ, ತಂತಿಗಳ ಕೆಳಗೆ ಸೇರಿಸಿಟ್ಟರು.

“ಇದು ನಂಗೇ ಬರ್ದಿದ್ದು,” ಎಂದರು.