ಹಿಟ್ಟು ಉಬ್ಬುವ ಹೊತ್ತು

ಹಿಟ್ಟು ನಾದಿ, ದೊಡ್ಡ ಪಾತ್ರೆಗೆ ಹಾಕಿ, ಮೇಲೆ ಒದ್ದೆ ಬಟ್ಟೆ ಹೊದಿಸಿದ ಮೇಲೆ ಆ ಬೇಕರಿಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಬೇಕರಿಯವನ ಹೆಂಡತಿ ಮದುವೆಯಾಗಿ ಬಂದ ಹೊಸದರಲ್ಲೇ ತಂದ ಪದ್ಧತಿ ಅದು. ಹಿಟ್ಟು ಉಬ್ಬುವ ತನಕ ಕಿಟಕಿಯ ಎದುರಿನ ಬೆಂಚಿನ ಮೇಲೆ ಕೂರಬೇಕು, ಪ್ರಭು ಯೇಸುವಿನ ಮುಂದೆ ಸುಮ್ಮನಿರಬೇಕು.

“ಈಗ ನಮ್ಮ ಕೈಯಲ್ಲಿ ಮಾಡೋಕೆ ಏನೂ ಇಲ್ಲ ಕಣ್ರೀ,” ಎನ್ನುತ್ತಿದ್ದಳು. “ದಿನಕ್ಕೆ ಇಂಥ ಹೊತ್ತು ಇದೊಂದೇ. ಇದನ್ನೂ ಪೊರಕೆಗೆ ಕೊಡಬೇಡಿ.”

ಅವನು ಕೂರುತ್ತಿದ್ದ. ಒಂದು ಕಣ್ಣು ಪ್ರಭುವಿನ ಕಡೆಗೆ, ಇನ್ನೊಂದು ಕಸದ ಕಡೆಗೆ ಎಂದು ಅವಳು ಛೇಡಿಸುತ್ತಿದ್ದಳು.

ಇವತ್ತು ಅವಳು ಆಸ್ಪತ್ರೆಯಲ್ಲಿದ್ದಳು. ಹೊಟ್ಟೆಯೊಳಗೆ ಬೆಳೆದ ಗಡ್ಡೆ ತೆಗೆಯಲು ಹತ್ತು ಗಂಟೆಗೆ ಒಳಗೆ ಕರೆದೊಯ್ಯುವವರಿದ್ದರು. ಜೊತೆಗೆ ಒಬ್ಬರನ್ನು ಮಾತ್ರ ಬಿಡುತ್ತಿದ್ದರು; ಅವನ ಅಕ್ಕ ಹೋಗಿದ್ದಳು. ಅದೂ ಹೆಂಡತಿಯದೇ ತೀರ್ಮಾನ.

“ನೀವು ಬಂದ್ರೆ ನಾನೇ ನಿಮಗೆ ಧೈರ್ಯ ಹೇಳ್ತಾ ಕೂರ್ಬೇಕು. ನೀವು ಒಲೆ ನೋಡ್ಕೊಳ್ಳಿ. ಹತ್ತು ಗಂಟೆಗೆ ಮಾತ್ರ ನೀವೂ ಮಗಳು ಗುಬ್ಬೀನೂ ಬೆಂಚಿನ ಮೇಲೆ ಕೂತಿರ್ಬೇಕು. ಕೂತಿದ್ದೀರಿ ಅಂತ ಗೊತ್ತಿದ್ರೆ ನನಗೆ ಅಷ್ಟು ಸಾಕು.”

ಅವನು ಮಾತು ಕೊಟ್ಟಿದ್ದ.

ಬೆಳಿಗ್ಗೆ ಲೋಟದ ಬೆಚ್ಚನೆಯ ನೀರಿಗೆ ಸಕ್ಕರೆ, ಹಿಟ್ಟು ಉಬ್ಬಿಸುವ ಈಸ್ಟ್ ಹಾಕಿ ಕಲಕುತ್ತಿದ್ದಾಗ ಅಕ್ಕನ ಫೋನ್ ಬಂತು. “ಬಟ್ಟೆ ಬದಲಾಯಿಸಿದ್ರು ಕಣೋ. ಸ್ಟ್ರೆಚರ್ ತರ್ತಿದ್ದಾರೆ. ನೀನು ಸುಮ್ನೆ ಗಾಬರಿ ಆಗಬೇಡ.” ಫೋನ್ ಇಟ್ಟವನು ಮೈದಾ ಸುರಿದ, ಉಪ್ಪು ಹಾಕಿದ, ನೀರು ಹೊಯ್ದ. ತೋಳು ಸೋಲುವ ತನಕ ನಾದಿದ. ಬಟ್ಟೆ ಹೊದಿಸಿದ.

ಐದು ವರ್ಷದ ಮಗಳು ಗುಬ್ಬಿ ಆಗಲೇ ಬೆಂಚು ಹತ್ತಿದ್ದಳು. ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಪಕ್ಕದಲ್ಲಿ ಅವನಿಗೆ ಜಾಗ ಬಿಟ್ಟಿದ್ದಳು.

“ಅಪ್ಪಾ, ಹೊತ್ತಾಯ್ತು ಬಾ.”

“ನೀನು ಕೂತಿರು ಮಗಳೇ. ನಾನು ಕೆಲಸ ಮಾಡ್ತಾ ಮಾಡ್ತಾನೇ ಪ್ರಾರ್ಥನೆ ಮಾಡ್ತೀನಿ.”

“ಅಮ್ಮ ಕೂರ್ಬೇಕು ಅಂದಿದ್ದಾಳೆ.”

“ದೇವರಿಗೆ ನಿಂತೋರ ಮಾತೂ ಕೇಳುತ್ತೆ.”

ಅವಳು ಅಪ್ಪನನ್ನೊಮ್ಮೆ ನೋಡಿ, ವಾದ ಬಿಟ್ಟು ಕಣ್ಣು ಮುಚ್ಚಿದಳು.

ಅವನು ಬ್ರೆಡ್ಡಿನ ಅಚ್ಚುಗಳಿಗೆ ಎಣ್ಣೆ ಸವರಿದ. ಸವರಿದ್ದನ್ನೇ ಮತ್ತೆ ಸವರಿದ. ನೆಲ ಗುಡಿಸಿದ. ಕೈ ನಿಂತರೆ ಸಾಕು, ಆಸ್ಪತ್ರೆಯ ಆಪರೇಷನ್ ಕೋಣೆಯ ಬಾಗಿಲು ಕಣ್ಣ ಮುಂದೆ ಬಂದು ನಿಲ್ಲುತ್ತಿತ್ತು. ಕೂತರೆ ಎದೆಯೊಳಗಿನ ಭಯ ಪೂರ್ತಿ ಎದ್ದು ಬಂದು ಕುತ್ತಿಗೆ ಹಿಡಿಯುತ್ತದೆ ಎಂದು ಅವನಿಗೆ ಗೊತ್ತಿತ್ತು. ಬಾಯಲ್ಲಿ ಮಾತ್ರ ‘ಕರ್ತನೇ, ಕರ್ತನೇ’ ಎನ್ನುತ್ತಿದ್ದ. ಮುಂದಿನ ಮಾತು ಹುಟ್ಟುತ್ತಿರಲಿಲ್ಲ.

ಕಡೆಗೆ ಬಟ್ಟೆ ಸರಿಸಿ ನೋಡಿದ. ಹಿಟ್ಟು ಇಟ್ಟಂತೆಯೇ ಇತ್ತು. ಬೆರಳಲ್ಲಿ ಒತ್ತಿದ, ಕುಳಿ ಕುಳಿಯಾಗಿಯೇ ಉಳಿಯಿತು. ಇಷ್ಟು ವರ್ಷಗಳಲ್ಲಿ ಒಂದು ದಿನವೂ ಹೀಗಾಗಿರಲಿಲ್ಲ. ಇವತ್ತೇ, ಈ ಹೊತ್ತಿಗೇ ಆಗಬೇಕೆ? ಆಸ್ಪತ್ರೆಯಲ್ಲಿ ಏನೋ ಆಗಿದೆ. ಕೊಟ್ಟ ಮಾತು ನಡೆಸದವನಿಗೆ ದೇವರು ತೋರಿಸಿದ ಗುರುತು ಇದು.

“ಉಬ್ಬಲೇ ಇಲ್ಲ ಗುಬ್ಬಿ,” ಎಂದ. ದನಿ ಅವನದೇ ಅನ್ನಿಸಲಿಲ್ಲ. “ನೀನು ಇಷ್ಟು ಹೊತ್ತು ಪ್ರಾರ್ಥನೆ ಮಾಡಿದ್ರೂ ಉಬ್ಬಲಿಲ್ಲ ನೋಡು.”

ಗುಬ್ಬಿ ಕಣ್ಣು ಬಿಟ್ಟಳು. “ನಾನು ಹಿಟ್ಟಿನ ವಿಷಯ ಮಾತಾಡ್ಲೇ ಇಲ್ಲವಲ್ಲ.”

“ಮತ್ತೇನು ಮಾತಾಡಿದೆ?”

“ಅಮ್ಮನ್ನ ನೋಡ್ಕೋ ಯೇಸಪ್ಪಾ ಅಂದೆ. ಆಮೇಲೆ ಸುಮ್ನೆ ಕೂತೆ.”

“ಅಷ್ಟೇನಾ?”

“ಹೇಳಿದ್ದೇ ಎಷ್ಟು ಸಲ ಹೇಳೋದು? ಯೇಸಪ್ಪಂಗೇನು ಕಿವುಡಾ?” ಎಂದು ಬೆಂಚಿನ ಖಾಲಿ ಜಾಗವನ್ನು ಅಂಗೈಯಿಂದ ಒರೆಸಿದಳು. “ನೀನು ಬರ್ತೀಯ ಅಂತಾನೂ ಹೇಳಿದ್ದೀನಿ.”

ಅವನು ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟ. ಹೋಗಿ ಕೂತ.

ಅಂದುಕೊಂಡಂತೆಯೇ ಭಯ ಬಂತು. ಎದೆ ಹಾರಿತು, ಕಣ್ಣು ತುಂಬಿತು. ಅವನು ಏಳಲಿಲ್ಲ. ಪುಟ್ಟ ಕೈಯೊಂದು ಅವನ ಹಿಟ್ಟು ಮೆತ್ತಿದ ಬೆರಳು ಹಿಡಿಯಿತು. ‘ಅವಳನ್ನ ನೋಡ್ಕೋ ತಂದೆ,’ ಎಂದ. ಮಗಳು ಹೇಳಿದಷ್ಟೇ. ಅದಕ್ಕಿಂತ ದೊಡ್ಡ ಮಾತು ಬೇಕೂ ಇರಲಿಲ್ಲ. ಮೆಲ್ಲಗೆ ಉಸಿರು ದಾರಿಗೆ ಬಂತು. ಹೊರಗೆ ಯಾರೋ ಸೈಕಲ್ ತಳ್ಳಿಕೊಂಡು ಹೋದ ಸದ್ದು ಕೇಳಿತು. ಒಲೆ ಸಣ್ಣಗೆ ಉರಿಯುವ ಸದ್ದು ಕೇಳಿತು.

ಕಣ್ಣು ತೆರೆದಾಗ ಕಿಟಕಿಯ ಕಟ್ಟೆಯ ಮೇಲೆ ಈಸ್ಟಿನ ಲೋಟ ಕಂಡಿತು. ಫೋನ್ ಬಂದಾಗ ಇಟ್ಟಿದ್ದು, ಇಟ್ಟಲ್ಲೇ ಇತ್ತು. ನೊರೆ ಉಕ್ಕಿ ಅಂಚು ದಾಟಿ ಕಟ್ಟೆಯ ಮೇಲೆ ಇಳಿಯುತ್ತಿತ್ತು. ಗುರುತೂ ಅಲ್ಲ, ಶಿಕ್ಷೆಯೂ ಅಲ್ಲ. ಅವನ ಮರೆವು, ಅಷ್ಟೇ. ಎದ್ದು ಸರಿಮಾಡಿಕೊಳ್ಳಬಹುದಿತ್ತು. ಅವನು ನೊರೆಯನ್ನು ನೋಡಿದ, ಮತ್ತೆ ಕಣ್ಣು ಮುಚ್ಚಿದ.

ಬಹಳ ಹೊತ್ತಿನ ಮೇಲೆ ಫೋನ್ ಹೊಡೆದುಕೊಂಡಿತು.

“ಹೊರಗೆ ಕರ್ಕೊಂಡು ಬಂದ್ರು ಕಣೋ,” ಅಕ್ಕ ಅಳುತ್ತಲೂ ಇದ್ದಳು, ನಗುತ್ತಲೂ ಇದ್ದಳು. “ಗಡ್ಡೆ ತೆಗೆದಿದ್ದಾರೆ. ಅದು ಎಂಥದ್ದು ಅಂತ ಪರೀಕ್ಷೆಗೆ ಕಳಿಸಿದ್ದಾರೆ, ಗೊತ್ತಾಗೋಕೆ ಇನ್ನೂ ಸ್ವಲ್ಪ ದಿನ ಬೇಕಂತೆ. ಇವಳು ಮಂಪರಿನಲ್ಲೇ ‘ಕೂತ್ರಾ, ಕೂತ್ರಾ’ ಅಂತಿದ್ದಾಳೆ. ಏನೋ ಅದು? ಏನು ಹೇಳ್ಲಿ?”

“ಕೂತೆ ಅಂತ ಹೇಳಕ್ಕಾ. ತಡವಾಗಿ ಕೂತೆ. ಗುಬ್ಬಿ ಮಾತ್ರ ಹೊತ್ತಿಗೆ ಸರಿಯಾಗಿ ಕೂತಿದ್ಲು.”

ಗುಬ್ಬಿ ನೊರೆ ಉಕ್ಕಿದ ಲೋಟ ನೋಡುತ್ತಾ ಫೋನಿಗೆ ಬಾಯಿ ಹಚ್ಚಿದಳು. “ಅತ್ತೇ, ಅಪ್ಪ ಹಿಟ್ಟಿಗೆ ಈಸ್ಟೇ ಹಾಕಿಲ್ಲ. ಅದನ್ನೂ ಹೇಳಿ, ಅಮ್ಮ ನಗ್ತಾಳೆ.”

“ಬೇಡಮ್ಮಾ ತಾಯಿ,” ಆ ಕಡೆಯಿಂದ ಅಕ್ಕ ಎಂದಳು. “ಹೊಟ್ಟೆಗೆ ಹೊಲಿಗೆ ಹಾಕಿದ್ದಾರೆ. ಇವತ್ತು ನಗಿಸೋದು ಬೇಡ.”

ಫೋನ್ ಇಟ್ಟ ಮೇಲೆ ಅವನು ಈಸ್ಟಿನ ನೀರನ್ನು ಹಿಟ್ಟಿಗೆ ಸುರಿದು ಮೊದಲಿನಿಂದ ನಾದತೊಡಗಿದ. ಈ ಸಲ ಅವಸರವಿರಲಿಲ್ಲ. ಪರೀಕ್ಷೆಯ ಉತ್ತರ ಬರುವ ತನಕ ಅವನ ಕೈಯಲ್ಲಿ ಮಾಡಲು ಏನೂ ಇರಲಿಲ್ಲ. ಒದ್ದೆ ಬಟ್ಟೆ ಹಿಂಡಿ, ಹೊದಿಸಿ, ಕೈ ತೊಳೆದುಕೊಂಡ.

“ಸ್ವಲ್ಪ ಆಚೆ ಸರಿ ಮಗಳೇ,” ಎಂದು ಬೆಂಚಿನ ಮೇಲೆ ಕೂತ.