ಹನ್ನೊಂದು ಸೆಕೆಂಡ್

ಗೋದಾಮಿನ ಮೇಲ್ವಿಚಾರಕರಿಗೆ ಮುಂದಾಳತನ ಕಲಿಸುವ ಆರು ಅನಿಮೇಷನ್ ಪಾಠಗಳಲ್ಲಿ ಮೊದಲನೆಯದು ಚಿತ್ರಗಾರ್ತಿಯ ಕೈಯಲ್ಲಿತ್ತು. ಅದು ಒಪ್ಪಿಗೆಯಾದರೆ ಮಿಕ್ಕ ಐದೂ ಅವಳಿಗೇ; ಇಲ್ಲವಾದರೆ ಬೇರೆಯವರ ಪಾಲು. ಪಾಠದ ವಿಷಯ, ಕೆಲಸಗಾರರ ಮಾತು ಆಲಿಸುವುದು. ತರಬೇತಿ ಅಧಿಕಾರಿ ಒಂದೇ ಷರತ್ತು ಹಾಕಿದ್ದ: "ಬೊಂಬೆ ಸುಮ್ನೆ ನಿಲ್ಲಬಾರದು ಮೇಡಂ, ನೋಡೋರು ತೂಕಡಿಸ್ತಾರೆ."

ಹಾಗಾಗಿ ಪರದೆಯ ಮೇಲೆ ಕೆಲಸಗಾರ್ತಿಯೊಬ್ಬಳ ಎದುರು ಅವಳ ಬೊಂಬೆ ಮೇಲ್ವಿಚಾರಕ ತಲೆಯಾಡಿಸುತ್ತಿದ್ದ, ಹುಬ್ಬೇರಿಸುತ್ತಿದ್ದ, ಪೆನ್ನು ತಿರುಗಿಸುತ್ತಿದ್ದ.

ಅಡುಗೆಮನೆಯ ಮೇಜಿನ ಆಚೆ ಬದಿಯಲ್ಲಿ ಬಟಾಣಿ ಸುಲಿಯುತ್ತಿದ್ದ ಮಾವ ಪರದೆಯತ್ತ ಕತ್ತು ಚಾಚಿದರು. ಮೂವತ್ತು ವರ್ಷ ಹಿಟ್ಟಿನ ಗಿರಣಿಯಲ್ಲಿ ಪಾಳಿ ನಡೆಸಿದವರು, ಹಿತ್ತಲಲ್ಲಿ ಹಸು ಸಾಕಿದವರು.

"ಯಾಕಮ್ಮ, ಇವನ ಅಂಗಿಯೊಳಗೆ ಇರುವೆ ಹೊಕ್ಕಿದ್ಯಾ?"

"ಕೇಳಿಸ್ಕೊಳ್ತಿದಾನೆ ಮಾವ."

"ಇದಾ? ಆ ಹೆಣ್ಮಗಳು ಬಾಯಿ ಬಿಡೋಕ್ಮುಂಚೆನೇ ಕೋಲೆಬಸವನ ಥರ ತಲೆ ಆಡಿಸ್ತಿದಾನೆ!"

"ನೀವು ಹೆಂಗೆ ಕೇಳ್ತಿದ್ರಿ? ತೋರಿಸಿ."

ಮಾವ ಕೈಯಲ್ಲಿದ್ದ ಕಾಯಿ ಕೆಳಗಿಟ್ಟರು. ಪಂಚೆಗೆ ಬೆರಳು ಒರೆಸಿ ಅವಳತ್ತ ತಿರುಗಿ ಕೂತರು. ಅಷ್ಟೇ. ಗೋಡೆಯ ಗಡಿಯಾರ ಹನ್ನೊಂದು ಸಲ ಟಿಕ್ಕೆಂದಿತು. ತಡೆಯಲಾರದೆ ಅವಳೇ ಬಾಯಿಬಿಟ್ಟಳು: "ಈ ಕೆಲಸ ಕೈತಪ್ಪುತ್ತೇನೋ ಅಂತ ಭಯ ಮಾವ."

"ನೋಡಿದ್ಯಾ? ಕೈಕಾಲು ಆಡಿಸ್ತಾ ಹೋದ್ರೆ ಹಸು ಹಾಲಿಳಿಸಲ್ಲ." ಅವರು ಮತ್ತೆ ಬಟಾಣಿಗೆ ಕೈ ಹಾಕಿದರು.

ಅವಳು ತಿದ್ದಿದಳು. ಬೊಂಬೆ ಪೆನ್ನು ಕೆಳಗಿಡುತ್ತದೆ, ತಿರುಗುತ್ತದೆ, ಹನ್ನೊಂದು ಸೆಕೆಂಡ್ ಅಲುಗುವುದಿಲ್ಲ.

ಮರುದಿನ ಗೋದಾಮಿನ ಊಟದ ಕೋಣೆಯಲ್ಲಿ ಎಲ್ಲರೆದುರು ಪಾಠದ ಪರೀಕ್ಷಾ ಪ್ರದರ್ಶನ. ಪರದೆಯ ಮೇಲೆ ಮೇಲ್ವಿಚಾರಕ ಪೆನ್ನು ಇಟ್ಟು ತಿರುಗಿದ. ನಾಲ್ಕು ಸೆಕೆಂಡ್ ಕಳೆಯಿತು. ಐದು.

"ಸಿಕ್ಕಾಕ್ಕೊಂಡಿದೆ," ಎಂದು ಅಧಿಕಾರಿ ಮೌಸಿಗೆ ಕೈ ಹಾಕಿದ.

"ಮುಟ್ಬೇಡಿ ಸಾರ್!" ಹಿಂದಿನ ಬೆಂಚಿನಿಂದ ಪೆಟ್ಟಿಗೆ ಕಟ್ಟುವ ಹೆಂಗಸು ಕೂಗಿದಳು. "ಸಿಕ್ಕಾಕ್ಕೊಂಡಿಲ್ಲ, ಕೇಳ್ತಿದಾನೆ."

"ಪಾಪ, ಸಾರ್‌ಗೆ ಹೆಂಗೆ ಗೊತ್ತಾಗ್ಬೇಕು? ಇಲ್ಲಿ ಯಾರಾದ್ರೂ ಕೇಳಿಸ್ಕೊಳ್ಳೋದ್ನ ನೋಡಿದ್ರೆ ತಾನೆ!" ಅಂದಳು ಪಕ್ಕದವಳು. ಕೋಣೆ ನಕ್ಕಿತು. ಅಧಿಕಾರಿಯ ಕೈ ಮೌಸಿನ ಮೇಲೇ ಉಳಿಯಿತು. ಅಷ್ಟರಲ್ಲಿ ಪರದೆಯ ಕೆಲಸಗಾರ್ತಿ ಬಾಯಿಬಿಟ್ಟಳು: "ಆ ಏಣಿಯ ಮೆಟ್ಟಿಲು ಮುರಿದಿದೆ ಸಾರ್." ಹಿಂದಿನ ಬೆಂಚಿನಲ್ಲಿ ಯಾರೂ ತೂಕಡಿಸುತ್ತಿರಲಿಲ್ಲ.

ದೀಪ ಹಾಕಿದ ಮೇಲೆ ಅಧಿಕಾರಿ ಗಂಟಲು ಸರಿಮಾಡಿಕೊಂಡ. "ಒಂಬತ್ತು ಸೆಕೆಂಡಿಗೆ ಇಳಿಸಿ. ಮಿಕ್ಕಿದ್ದು ಐದೂ ನೀವೇ ಮಾಡಿ."

ಸಂಜೆ ಮನೆಯಲ್ಲಿ ಮಾವ ಪೂರ್ತಿ ಕೇಳಿದರು, ಕೈಯಲ್ಲಿದ್ದ ಲೋಟ ಕೆಳಗಿಟ್ಟು.

"ಎರಡೇ ಸೆಕೆಂಡ್ ತಿಂದ್ನಾ? ಒಳ್ಳೆಯವನೇ ಬಿಡು. ನಮ್ಮ ಗಿರಣಿ ಮಾಲೀಕ ಆಗಿದ್ರೆ ಹನ್ನೊಂದನ್ನೂ ನುಂಗಿ ನೀರು ಕುಡೀತಿದ್ದ."